ಓನರಮ್ಮನ ಕುತ್ತಿಗೆ ಪಟ್ಟಿ

ಮೊನ್ನೆ ಚಳಿ ಜಾಸ್ತಿಯಾಯಿತೆಂದು ಟ್ರಂಕ್ ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಬಟ್ಟೆಗಳಡಿ ಆ ದಪ್ಪ ಉಲ್ಲನ್ನಿನ ಕುತ್ತಿಗೆ ಪಟ್ಟಿ ಇತ್ತು. ಕಂದು ಬಣ್ಣ, ತಲೆಯಿಂದ ಇಳಿಸಿಕೊಂಡರೆ ಕಿವಿಯವರೆಗೂ ಬೆಚ್ಚಗೆ ಕೂರುವಂಥದ್ದು. ಅದನ್ನು ಹೆಣೆದವನು ನಾನೇ. ಹೆಣೆಸಿದವರು ಹೊಸಕೋಟೆಯಲ್ಲಿ ನಾವು ಈಗಲೂ ಬಾಡಿಗೆಗಿರುವ ಮನೆಯ ಓನರಮ್ಮ.

ಕೆಲವು ವರ್ಷಗಳ ಹಿಂದೆ ಬೂದಿಗೆರೆ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಬಲಗೈ ಮುರಿದುಕೊಂಡಿದ್ದೆ. ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆರಳು ಮಡಚಲು ಬರುತ್ತಿರಲಿಲ್ಲ. ಪಿಲ್ಲಗುಂಪೆಯ ವರ್ಕ್‌ಶಾಪಿನಲ್ಲಿ ನಾನು ಫಿಟ್ಟರ್. ಸ್ಪ್ಯಾನರ್ ಹಿಡಿಯಲಾಗದಿದ್ದರೆ ಕೆಲಸವಿಲ್ಲ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು, ಕೈ ಬಿಟ್ಟರೆ ಬೇರೆ ಆಸ್ತಿ ಇರಲಿಲ್ಲ. ಹಿಸುಕಲು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಮಾತ್ರ, ಇದೇನು ಮಕ್ಕಳಾಟ ಎಂದು ಅಟ್ಟಕ್ಕೆ ಎಸೆದಿದ್ದೆ.

ಒಂದು ದಿನ ಓನರಮ್ಮ ಉಲ್ಲನ್ ಉಂಡೆ, ಎರಡು ದಪ್ಪ ಕಡ್ಡಿ ತಂದು ಮುಂದಿಟ್ಟರು.

"ನಂಗೊಂದು ಕುತ್ತಿಗೆಗೆ ಹಾಕ್ಕೊಳೋದು ಬೇಕಪ್ಪಾ. ಕಣ್ಣು ಹೋಗ್ಬಿಟ್ಟೈತೆ. ನಾನು ಬಾಯಲ್ಲಿ ಹೇಳ್ತೀನಿ, ನೀನು ಹೆಣಿ."

"ಗಂಡಸಿನ ಕೈಲಿ ಇದನ್ನ ಮಾಡಿಸ್ತೀರೇನಮ್ಮಾ?"

"ಅನ್ನ ಕಲಸೋಕಾಗ್ದಿರೋ ಕೈಗೆ ಗಂಡಸೇನ್ಲಾ, ಹೆಂಗಸೇನ್ಲಾ?"

ವಯಸ್ಸಾದವರು, ಕಣ್ಣು ಕಾಣುವುದಿಲ್ಲ, ಮಾಡಿಕೊಟ್ಟರಾಯಿತು ಎಂದುಕೊಂಡೆ. ಯಾರ ಹಂಗೂ ಇಲ್ಲದ ಹಾಗೆ ಬದುಕಿದವನಿಗೆ ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಮೊದಮೊದಲು ಕಡ್ಡಿ ಬೆರಳಲ್ಲಿ ನಿಲ್ಲುತ್ತಲೇ ಇರಲಿಲ್ಲ. ನೋವಿಗೆ ಕಣ್ಣಲ್ಲಿ ನೀರು... ಹೆಣೆದ ಸಾಲುಗಳೋ, ಹಳೇ ಗೋಣಿಚೀಲದ ಬಾಯಿಯಂತೆ ಜೋಲುತ್ತಿದ್ದವು.

ಜೊತೆಗೆ ಕೆಲಸ ಮಾಡುವವನೊಬ್ಬ ಗೇಟಿನಲ್ಲೇ ನಿಂತು ನಕ್ಕ. "ಏನ್ ಗುರು, ಯಾರ ಮಗೂಗೆ ಸ್ವೆಟರು?"

"ನಿನ್ನ ಬಾಯಿ ಮುಚ್ಚೋಕೆ ಕಣೋ, ಅಳತೆ ಕೊಟ್ಟು ಹೋಗು," ಎಂದರು ಓನರಮ್ಮ ಒಳಗಿನಿಂದ.

ಅವರೆಕಾಯಿ ಕಾಲ ಬಂತು. ಓನರಮ್ಮ ಅಂಗಳದಾಚೆ ತಮ್ಮ ಜಗಲಿಯಲ್ಲಿ ಕಾಯಿ ಸುಲಿಯುತ್ತಿದ್ದರು. ನಾನು ಈಚೆ ನಮ್ಮ ಬಾಗಿಲಲ್ಲಿ ಕೂತಿದ್ದೆ. ಅಲ್ಲಿಂದಲೇ, "ಲೇ, ಕೆಳಗಿನ ಸಾಲಲ್ಲಿ ಒಂದು ಕುಣಿಕೆ ಬಿಟ್ಟಿದ್ದೀಯ ನೋಡು," ಎಂದರು.

ನೋಡಿದೆ. ನಿಜವಾಗಿಯೂ ಬಿಟ್ಟಿತ್ತು. ತಲೆಯೆತ್ತಿ ಅವರನ್ನೇ ನೋಡಿದೆ. ಅವರು ಹುಳುಕು ಕಾಳೊಂದನ್ನು ಆರಿಸಿ ಪಕ್ಕಕ್ಕೆ ಎಸೆದು, ತಲೆ ಬಗ್ಗಿಸಿಕೊಂಡೇ ಇದ್ದರು. ಬಿಟ್ಟ ಕುಣಿಕೆ ಎತ್ತಿಕೊಂಡು ಮುಂದೆ ಹೆಣೆದೆ.

ಪಟ್ಟಿ ಮುಗಿಯುವ ಹೊತ್ತಿಗೆ ಸಾಲುಗಳು ಬಿಗಿಯಾಗಿ ಬರುತ್ತಿದ್ದವು. ಸ್ಪ್ಯಾನರ್ ಕೂಡ ಕೈಯಲ್ಲಿ ನಿಂತಿತು. ಎರಡು ತುದಿ ಸೇರಿಸಿ ಹೊಲಿಯುವ ಮೊದಲು, ಶುರುವಿನ ಸೊಟ್ಟ ಭಾಗ ಬಿಚ್ಚಿ ಮತ್ತೆ ಹೆಣೆದುಕೊಡುತ್ತೇನೆ ಎಂದೆ.

"ಬಿಚ್ಚಿದ್ರೆ ನೋಡು! ಆ ಕಡೇನೇ ಮುಂದಕ್ಕೆ ಹಾಕ್ಕೋತೀನಿ."

ಹಾಗೇ ಹಾಕಿಕೊಂಡು ಬೆಳಿಗ್ಗೆ ಬೆಳಿಗ್ಗೆ ಹಾಲಿನ ಬೂತಿಗೆ ಹೋಗುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಹದಿನೈದು ದಿನ ಬಿಟ್ಟು ಅವರ ಸೊಸೆ ಇದನ್ನು ತಂದುಕೊಟ್ಟಳು.

ಟ್ರಂಕಿನಿಂದ ತೆಗೆದು ಕೊಡವಿದಾಗ ಬಿಗಿಯಾದ ಕಡೆಯಲ್ಲೇ ಒಂದು ಕುಣಿಕೆ ಬಿಟ್ಟುಕೊಂಡಿತ್ತು. ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ಕೂತೆ. ಎಷ್ಟು ಹುಡುಕಿದರೂ ಯಾವ ಸಾಲಿನದೆಂದು ತಿಳಿಯಲಿಲ್ಲ. ಅಭ್ಯಾಸಬಲದಿಂದ ಎದುರಿನ ಜಗಲಿಯತ್ತ ತಲೆಯೆತ್ತಿದೆ...

ಆಮೇಲೆ ನಾನೇ ಮತ್ತೆ ಮೊದಲಿನಿಂದ ಹುಡುಕಿದೆ.