ಶೋರೂಮಿನವರ ‘ಆತ್ರಿ’

ಗೆಳೆಯರೇ, ಇವತ್ತು ಕೊರ್ಲಹಳ್ಳಿಯಲ್ಲಿ ಮಾವನ ಮನೆಯ ಮುಂದೆ ಕಾರಿನೊಳಗೇ ಕೂತಿದ್ದೆ. ಹೆಂಡತಿ ಆಗಲೇ ಇಳಿದು ಒಳಗೆ ಹೋಗಿದ್ದಳು. ಅತ್ತೆ ತಂಬಿಗೆಯಲ್ಲಿ ನೀರು ಹಿಡಿದು ಹೊರಬಂದವರು ನನ್ನನ್ನು ನೋಡಿ, ಮಗಳನ್ನು ಕರೆದು ಕೇಳಿದರು: “ಅಳಿಯಂದ್ರು ಯಾಕ ಇಳಿವಲ್ರು? ಸಿಟ್ಟಾಗ್ಯಾರೇನ?”

ಸಿಟ್ಟಲ್ಲ, ಬಾಗಿಲು. ಕಿಟಕಿಯ ಗಾಜು ಏರುತ್ತಿಲ್ಲವೆಂದು ಗದಗಿನ ಶೋರೂಮಿಗೆ ಕಾರು ಕೊಟ್ಟಿದ್ದೆ. ಗಾಜು ಏರಿತು, ಮತ್ತೆ ಇಳಿಯಲಿಲ್ಲ. ಜೊತೆಗೆ ನನ್ನ ಬದಿಯ ಬಾಗಿಲು ಒಳಗಿನಿಂದ ತೆರೆಯುವುದೂ ನಿಂತಿತು. ಪುನಃ ಒಯ್ದು ಬಿಟ್ಟೆ. ನಿನ್ನೆ ಸಂಜೆ ಫೋನಿನಲ್ಲಿ “ಬಾಗಲದ ಕೆಲಸ ಐತಲ್ರಿ” ಅಂದೆ. “ಆತ್ರಿ” ಅಂದರು. ಇವತ್ತು ಕಾರು ತಂದು ನೇರ ಇಲ್ಲಿಗೇ ಬಂದೆವು.

ಹೆಂಡತಿ ಬಂದು ಹೊರಗಿನಿಂದ ಬಾಗಿಲು ತೆಗೆದಳು. ಅತ್ತೆ ಅದನ್ನೂ ನೋಡಿದರು. “ದಿನಾ ನೀನ ತಗೀಬೇಕೇನ ಬಾಗಲಾ?”

ಶೋರೂಮಿಗೆ ಫೋನ್ ಮಾಡಿದೆ. “ಆತ್ರಿ ಅಂದಿದ್ರಲ್ರಿ?”

“ಹೌದ್ರಿ. ನೀವು ಹೇಳಿದ್ದು ತಿಳೀತು ಅಂತ ಆತ್ರಿ ಅಂದೆ. ಕೆಲಸ ಆತು ಅಂತ ಎಲ್ಲಿ ಅಂದೇನ್ರಿ? ನಾಳೆ ತಗೊಂಡ ಬರ್ರಿ.”

“ಆತ್ರಿ” ಅಂದೆ.

ನಾಳೆ ಬೆಟಗೇರಿಯ ಬೇರೆ ಗ್ಯಾರೇಜಿಗೆ ಹೋಗುತ್ತೇನೆ. ನನ್ನ ‘ಆತ್ರಿ’ಗೆ ಅರ್ಥವೇನೆಂದು ಅವರು ದಾರಿ ಕಾಯುತ್ತಾ ಯೋಚಿಸಲಿ.