ಬ್ಯಾಂಡಿಗೆ ಕೋಣೆ ಬಿಟ್ಟುಕೊಟ್ಟವಳು

ಅವಳದು ಪರದೆ ಹೊಲಿಯುವ ಕೆಲಸ. ಗಂಡ ಹಾಡುಗಾರ, ಒಂದು ಸ್ವತಂತ್ರ ರಾಕ್ ಬ್ಯಾಂಡಿನ ಸ್ಥಾಪಕ. ಸ್ವತಂತ್ರ ಎಂದರೆ ಯಾವ ಕಂಪನಿಯ ಹಂಗೂ ಇಲ್ಲದ್ದು. ಹೆಂಡತಿಯ ಹೊಲಿಗೆ ಕೋಣೆ, ಅವಳು ಬೇಯಿಸಿಟ್ಟ ಊಟ, ಇಸ್ತ್ರಿ ಮಾಡಿಟ್ಟ ಕಪ್ಪು ಅಂಗಿಗಳು ಹಂಗಿನಲ್ಲಿ ಸೇರುವುದಿಲ್ಲ.

ಹದಿನಾರು ವರ್ಷಗಳಲ್ಲಿ ಬ್ಯಾಂಡಿನ ಹೆಸರು ಮೂರು ಸಲ ಬದಲಾಯಿತು, ಐದು ಜನ ಡ್ರಮ್ಮಿನವರು ಬಂದು ಹೋದರು. ಒಮ್ಮೆ ಸಿದ್ಧಾಂತದ ಜಗಳದಲ್ಲಿ ಒಡೆದು, ತಿಂಗಳೊಳಗೆ ಕೂಡಿಕೊಂಡಿತು; ಬಿಟ್ಟುಹೋದವನ ಹೆಂಡತಿ ತನ್ನ ಮನೆಯಲ್ಲಿ ಅಭ್ಯಾಸಕ್ಕೆ ಒಪ್ಪಿರಲಿಲ್ಲ. ಈ ಇತಿಹಾಸವೆಲ್ಲ ನಡೆಯುವಾಗ ಇವಳು ಹೊಲಿಗೆ ಮಿಷನ್ ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. "ಅತ್ತಿಗೆ ಇಲ್ದಿದ್ರೆ ಬ್ಯಾಂಡೇ ಇಲ್ಲ" ಎಂದು ಎಲ್ಲರೂ ತಟ್ಟೆಯ ಮುಂದೆ ಕೂತಾಗ ಹೇಳುತ್ತಿದ್ದರು. ತಟ್ಟೆ ಎತ್ತುವಾಗ ಯಾರೂ ಹೇಳಿದ್ದಿಲ್ಲ.

ಕೊನೆಗೂ ಮೊದಲ ಆಲ್ಬಮ್ಮಿನ ರೆಕಾರ್ಡಿಂಗ್ ನಿಕ್ಕಿಯಾಯಿತು, ಅದೇ ಹೊಲಿಗೆ ಕೋಣೆಯಲ್ಲಿ. ಆ ವಾರವೇ ಅವಳಿಗೆ ಒಂದು ಹೋಟೆಲಿನಿಂದ ಹನ್ನೆರಡು ದಪ್ಪ ಪರದೆಗಳ ಕೆಲಸ ಬಂದಿತ್ತು. ಇವು ಹಿಡಿಸಿದರೆ ಇಡೀ ಹೋಟೆಲಿನ ಪರದೆಗಳು ಅವಳಿಗೇ. ಶನಿವಾರ ಸಂಜೆಯೊಳಗೆ ಕೊಡಬೇಕು. ಅಂದು ಬೆಳಿಗ್ಗೆ ಅವಳು ಪರದೆಯ ಉಂಗುರಗಳನ್ನು ತರಲು ಹೋಗಿ ಬರುವಷ್ಟರಲ್ಲಿ ಅವಳು ಹೊಲಿದಿಟ್ಟ ಹನ್ನೆರಡೂ ಪರದೆಗಳನ್ನು ಬ್ಯಾಂಡಿನವರು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದರು.

"ಏನ್ರೀ ಇದು?"

"ಸದ್ದು ಗೋಡೆಗೆ ಬಡಿದು ವಾಪಸ್ ಬರ್ತಿತ್ತು. ಈಗ ಕೇಳು, ಎಷ್ಟು ಬಿಗಿಯಾಗಿದೆ" ಎಂದ ಗಂಡ.

"ಸಂಜೆ ಕೊಡ್ಬೇಕು ಇವನ್ನ."

"ಇವತ್ತೊಂದಿನ ಸುಧಾರಿಸ್ಕೊಳ್ಳೇ. ಪರದೆ ನಾಳೆನೂ ಪರದೆನೇ. ಹಾಡು ಹಾಗಲ್ಲ."

"ಅತ್ತಿಗೆ, ಒಂದೇ ಟೇಕ್" ಎಂದ ಗಿಟಾರಿನವನು.

"ನಿಮ್ದು ಯಾವತ್ತಪ್ಪ ಒಂದಕ್ಕೆ ಮುಗಿದಿದೆ?"

ಅವಳು ಇಕ್ಕಳ ತಂದು, ಸ್ಟೂಲ್ ಹತ್ತಿ ಮೊಳೆ ಕೀಳತೊಡಗಿದಳು. ಸಾಲಾಗಿ ಮೊಳೆ ಹೊಡೆಯಲೂ ಬಾರದವರು. ಮೇಲಂಚಿನ ತುಂಬ ತೂತುಗಳು ಎಲ್ಲೆಂದರಲ್ಲಿ ಇದ್ದವು. ಅದನ್ನು ನಾಲ್ಕು ಬೆರಳು ಒಳಮಡಿಸಿದರೆ ಮರೆಯಾಗುತ್ತವೆ, ಕೆಳಗಿನ ಮಡಿಕೆಯನ್ನು ಅಷ್ಟೇ ಬಿಚ್ಚಿದರೆ ಉದ್ದ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿ ಅಲ್ಲೇ ಮಿಷನ್ ಓಡಿಸಲು ಕೂತಳು.

"ಅದನ್ನ ಅಡುಗೆಮನೆಗೆ ತಗೊಂಡ್ಹೋಗು, ರೆಕಾರ್ಡ್ ಆಗ್ತಿದೆ."

"ಈ ಪರದೆಗಳಿಗೆ ಅಲ್ಲಿ ಜಾಗ ಸಾಲಲ್ಲ. ನೀವೇ ಹೋಗಿ."

ಹೋದರು. ಡ್ರಮ್ ಇಟ್ಟ ಮೇಲೆ ಫ್ರಿಜ್ಜಿನ ಬಾಗಿಲು ತೆರೆಯಲಿಲ್ಲ. ಊಟ ಅದರೊಳಗಿತ್ತು. ಮಧ್ಯಾಹ್ನ ಒಂದು ಗಂಟೆಗೆಲ್ಲ ರೆಕಾರ್ಡಿಂಗ್ ಹಸಿವಿನಿಂದ ನಿಂತುಹೋಯಿತು. ಸಂಜೆ ಐದಕ್ಕೆ ಅವಳು ಪರದೆಗಳನ್ನು ಆಟೋಗೆ ಹೇರಿಕೊಂಡು ಹೊರಟಳು.

ಹೋಟೆಲಿನ ಕೆಲಸ ಸಿಕ್ಕಿತು. ಈಗ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಬಟ್ಟೆ. ಗಂಡ ಮೈಕು, ಸ್ಪೀಕರು ಹೊತ್ತುಕೊಂಡು ಗೆಳೆಯರ ಮನೆಗಳಿಗೆ ಸರದಿಯ ಮೇಲೆ ಹೋಗುತ್ತಾನೆ. ಆ ಮನೆಗಳ ಹೆಂಡತಿಯರು ಇವಳಿಗೆ ಫೋನು ಮಾಡುತ್ತಾರೆ.

"ಅದು ಹೇಗ್ರೀ ಓಡಿಸಿದ್ರಿ ಇವ್ರನ್ನ?"

"ಓಡಿಸ್ಲಿಲ್ಲಮ್ಮ. ನನ್ನ ಕೆಲ್ಸಕ್ಕೆ ಕೂತೆ, ಅಷ್ಟೇ."