ಬಾಳೂರಿನ ಬಸ್ಸು ಖಾಲಿ ಹೋದ ದಿನ

ನಾಲ್ಕು ನಕಾಶೆಗಳನ್ನು ಮೇಜಿನ ಮೇಲೆ ಹರಡಿ, ಸುರುಳಿ ಸುತ್ತಿಕೊಳ್ಳದಂತೆ ಮೂಲೆಗಳಿಗೆ ಟೆಲಿಫೋನ್ ಡೈರೆಕ್ಟರಿ, ಸ್ಟೇಪ್ಲರ್, ಎರಡು ಕಾಫಿ ಲೋಟ ಇಟ್ಟಿದ್ದೆ. ಎರಡು ಸಾವಿರದ ಇಸವಿ ಕಳೆದು ಎರಡೋ ಮೂರೋ ವರ್ಷವಾಗಿತ್ತು. ನಾನು ಆಗ ಚಿಕ್ಕಮಗಳೂರಿನಲ್ಲಿ ಒಂದು ದಿನಪತ್ರಿಕೆಯ ಜಿಲ್ಲಾ ವರದಿಗಾರ. ರಾಜ್ಯದ ಊರುಗಳು ಮುಂದಿನ ದಿನಗಳಿಗೆ ಎಂತೆಂಥ ರೈಲು, ಬಸ್ಸಿನ ಯೋಜನೆ ಇಟ್ಟುಕೊಂಡಿವೆ ಎಂದು ಹೋಲಿಸಿ, ಪುರವಣಿಗೆ ಅರ್ಧ ಪುಟ ಬರೆಯಬೇಕಾಗಿತ್ತು. ಬೇರೆ ಊರಿನ ವರದಿಗಾರರು ಕಳಿಸಿದ್ದನ್ನು ಒಟ್ಟು ಮಾಡುವ ಕೆಲಸ ನನಗೇ ಏಕೆ ಎಂದು ಸುದ್ದಿ ಸಂಪಾದಕರನ್ನು ಕೇಳಿದೆ. "ನಿಮ್ಮೂರಿಗೆ ರೈಲೇ ಇಲ್ಲವಲ್ಲ, ಪಕ್ಷಪಾತದ ಭಯವಿಲ್ಲ" ಎಂದರು.

ಒಂದು ಪಟ್ಟಿ ಮಾಡಿಕೊಂಡೆ. ಊರು, ಯೋಜನೆ, ಈಗಿನ ಸ್ಥಿತಿ, ಯಾವಾಗ. ಮೊದಲ ಮೂರು ಕಾಲಂಗಳನ್ನು ಪೆನ್ನಿನಲ್ಲಿ, ಕೊನೆಯದನ್ನು ಪೆನ್ಸಿಲಿನಲ್ಲಿ ತುಂಬಿದೆ. ಬೆಂಗಳೂರಿಗೆ ಮೆಟ್ರೊ. ಮೈಸೂರಿಗೆ ಜೋಡಿ ಹಳಿ. ಮಂಗಳೂರಿಗೆ ಹಾಸನದ ಕಡೆಯಿಂದ ಘಟ್ಟ ಇಳಿಯುವ ಹಳಿಯನ್ನು ಅಗಲ ಮಾಡುವ ಕೆಲಸ. ನಮಗೆ ಕಡೂರಿನಿಂದ ಬರಬೇಕಾದ ರೈಲು. ಆ ರೈಲಿನ ಬಗ್ಗೆ ಕಚೇರಿಯಲ್ಲಿ ದಪ್ಪ ಕಡತವೇ ಇತ್ತು. ನನಗಿಂತ ಹಿಂದಿನವರು ಬರೆದ ಸುದ್ದಿಗೂ ನಾನು ಬರೆದ ಸುದ್ದಿಗೂ ಕಾಗದದ ಬಣ್ಣ ಬಿಟ್ಟರೆ ಹೆಚ್ಚು ವ್ಯತ್ಯಾಸವಿರಲಿಲ್ಲ.

ಸಾರ್ವಜನಿಕರ ಅಭಿಪ್ರಾಯ ಸೇರಿಸೋಣವೆಂದು ಮೂಡಿಗೆರೆಗೆ ಹೋದೆ. ಬಸ್ ನಿಲ್ದಾಣದ ಪೇಪರ್ ಏಜೆಂಟರು ನನ್ನನ್ನು ತೋರಿಸಿದರೆಂದು ಕಾಣುತ್ತದೆ, ಐವತ್ತು ದಾಟಿದ ಒಬ್ಬರು ನೇರವಾಗಿ ನನ್ನ ಹತ್ತಿರ ಬಂದರು. ಬಾಳೂರು ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿ. ಕೈಯಲ್ಲಿ ನಮ್ಮ ಪತ್ರಿಕೆ ಇತ್ತು, ಒಂದೇ ಸುದ್ದಿ ಕಾಣುವಂತೆ ಚಿಕ್ಕದಾಗಿ ಮಡಚಿದ್ದರು.

"ಸಾರ್, ಇದು ನೀವೇ ಬರ್ದಿದ್ದಾ?"

ಮೂರು ಸಾಲಿನ ಸುದ್ದಿ. ಬಾಳೂರಿನಿಂದ ಮೂಡಿಗೆರೆಗೆ ಪ್ರಾಯೋಗಿಕವಾಗಿ ಓಡುತ್ತಿರುವ ಬೆಳಗಿನ ಬಸ್ಸಿಗೆ ಪ್ರಯಾಣಿಕರಿಲ್ಲವೆಂದು ಸಮೀಕ್ಷೆಯಲ್ಲಿ ಕಂಡುಬಂದಿದ್ದು, ತಿಂಗಳ ಕೊನೆಗೆ ಅದನ್ನು ನಿಲ್ಲಿಸಲಾಗುವುದು. ಬಸ್ ಸಂಸ್ಥೆಯ ಟಿಪ್ಪಣಿಯಿಂದ ತೆಗೆದುಕೊಂಡು ನಾನೇ ಬರೆದಿದ್ದೆ. ಹೌದು ಎಂದೆ.

"ಅಕ್ಷರ ಎಲ್ಲ ಸರಿಯಿದೆ" ಎಂದರು ಅವರು. "ಆದ್ರೆ ಆ ಬಸ್ಸಲ್ಲಿ ನನ್ನ ಮಗಳು ಕಾಲೇಜಿಗೆ ಬರ್ತಾಳೆ."

ಮಗಳು ಮೂಡಿಗೆರೆಯಲ್ಲಿ ಮೊದಲ ಪಿಯುಸಿ, ವಿಜ್ಞಾನ. ಅವರ ಮನೆಯಲ್ಲಿ ಹತ್ತನೇ ತರಗತಿ ದಾಟಿದವಳು ಅವಳೊಬ್ಬಳೇ. ಹಾಸ್ಟೆಲಿನಲ್ಲಿ ಜಾಗ ಸಿಕ್ಕಿರಲಿಲ್ಲ. ಬಾಳೂರಿನಲ್ಲಿ ರಾತ್ರಿ ತಂಗಿ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಹೊರಡುವ ಈ ಬಸ್ಸು ಆ ವರ್ಷವೇ ಶುರುವಾಗಿದ್ದರಿಂದ ಅವಳನ್ನು ಕಾಲೇಜಿಗೆ ಸೇರಿಸಿದ್ದರು. ಅದು ನಿಂತರೆ ಮುಂದಿನ ಬಸ್ಸು ಮೂಡಿಗೆರೆ ಮುಟ್ಟುವಾಗ ಎರಡು ಪಾಠ ಮುಗಿದಿರುತ್ತವೆ. ಹಾಜರಿ ಸಾಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ.

"ಬಸ್ಸಿಗೆ ಜನ ಇಲ್ವಲ್ಲ" ಎಂದೆ.

"ಒಂದ್ಸಲ ಬಂದು ನೋಡಿ ಸಾರ್" ಎಂದರು.

ಮರುದಿನ ಸಂಜೆಯ ಬಸ್ಸಿನಲ್ಲಿ ಬಾಳೂರಿಗೆ ಹೋದೆ. ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ಅವರ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಮಂಜು ಇನ್ನೂ ನೆಲ ಬಿಟ್ಟು ಎದ್ದಿರಲಿಲ್ಲ, ಜನ ಎದ್ದು ಬಂದಿದ್ದರು. ಯೂನಿಫಾರ್ಮಿನ ಮಕ್ಕಳು, ಆಸ್ಪತ್ರೆಗೆ ಹೊರಟ ಬಸುರಿ, ಸೊಪ್ಪಿನ ಬುಟ್ಟಿಯ ಹೆಂಗಸು, ಪಹಣಿಗೆಂದು ತಾಲೂಕು ಕಚೇರಿಗೆ ಹೋಗುವವರು. ಮೇಸ್ತ್ರಿಯೂ ಮಗಳ ಜೊತೆ ಬಂದಿದ್ದರು. ಹೊರಡುವ ಮೊದಲೇ ಸೀಟು ಭರ್ತಿ. ಕೊಟ್ಟಿಗೆಹಾರ ಮುಟ್ಟುವ ಮೊದಲೇ ಬಾಗಿಲಿನ ಮೆಟ್ಟಿಲಿನವರೆಗೆ ಜನ.

ಪುಸ್ತಕ ತೆಗೆದು ತಲೆ ಎಣಿಸಿ ಬರೆದುಕೊಂಡೆ. ಆಮೇಲೆ ಕೇಳಿದೆ: "ಸರ್ವೆಗೆ ಬಂದ ದಿನ ನೀವೆಲ್ಲ ಎಲ್ಲಿದ್ರಿ?"

ಕಂಡಕ್ಟರು ಕಿಟಕಿಯಾಚೆ ನೋಡಿದರು. ಕೊನೆಗೆ ಸೊಪ್ಪಿನ ಹೆಂಗಸು ಬುಟ್ಟಿ ಸರಿಸಿಕೊಂಡು, "ಮೇಸ್ತ್ರೀನ ಕೇಳಿ. ಅವತ್ತು ಅವರ ಮನೆ ದಿಬ್ಬಣ ಅಲ್ವಾ" ಎಂದಳು. ಇಡೀ ಬಸ್ಸು ನಕ್ಕಿತು. ಮೇಸ್ತ್ರಿ ನಗಲಿಲ್ಲ.

"ನೀನು ಸುಮ್ನಿರು ಮಾರಾಯ್ತಿ" ಎಂದು ಅವಳಿಗೆ ಹೇಳಿ, ನನ್ನ ಕಡೆ ತಿರುಗಿದರು. "ಬಸ್ ಆಫೀಸಿನ ಸಾಹೇಬ್ರು ಬಸ್ಸಲ್ಲಿ ಬರ್ತಾರೆ ಅಂತ ಮಾತ್ರ ರೈಟರ್‌ಗೆ ಗೊತ್ತಾಯ್ತು. ನಮ್ಮೂರಿಗೆ ಬಸ್ ಕೊಟ್ಟೋರು, ಅವರು ನಿಂತ್ಕಂಡು ಹೋಗೋ ಹಂಗೆ ಆಗ್ಬಾರ್ದು ಅಂತ ನಾನೇ ಎಸ್ಟೇಟಿನ ಎರಡು ಜೀಪು ಕೇಳಿ, ಎರಡು ಮೂರು ಸಲ ಓಡ್ಸಿ ಎಲ್ಲರನ್ನೂ ಅದರಲ್ಲಿ ಕಳಿಸ್ದೆ. ಬಸ್ಸು ಗುಡಿಸಿ, ಮುಂದುಗಡೆ ಹೂವು ಕಟ್ಟಿದ್ವಿ. ಮನೆಗೆ ನೆಂಟರು ಬಂದ್ರೆ ಜಗಲಿ ಬಿಟ್ಟು ನಾವು ಒಳಗೆ ಹೋಗ್ತೀವಲ್ಲ, ಹಂಗೆ."

"ನಿಮ್ಮ ಮಗಳು?"

"ಅವಳೂ ಜೀಪಲ್ಲೇ."

ಮಗಳು ಎರಡು ಸೀಟು ಮುಂದೆ ಕೂತಿದ್ದಳು. ತಿರುಗದೆಯೇ, "ನಾ ಬೇಡ ಅಂದಿದ್ದೆ" ಎಂದಳು.

ದಾರಿ ಕಳೆಯಲು ನನ್ನ ಚೀಲದಲ್ಲಿದ್ದ ಬೆಂಗಳೂರಿನ ಮೆಟ್ರೊ ನಕಾಶೆ ತೆಗೆದು ಅವಳಿಗೆ ತೋರಿಸಿದೆ. ಬಣ್ಣದ ಗೆರೆಗಳ ಮೇಲೆ ನಿಲ್ದಾಣಗಳ ಚುಕ್ಕೆಗಳಿದ್ದವು. ಅವಳು ಬೆರಳಿಟ್ಟು ಒಂದೊಂದನ್ನೇ ನೋಡಿದಳು.

"ಒಂದು ಸ್ಟೇಷನ್ನಿಂದ ಇನ್ನೊಂದಕ್ಕೆ ಎಷ್ಟು ದೂರ?"

"ಸುಮಾರು ಒಂದು ಕಿಲೋಮೀಟರ್ ಇರಬಹುದು."

"ಮನೆಯಿಂದ ಬಸ್ಸಿಗೆ ಬರೋಕೇ ನಂಗೆ ಅದಕ್ಕಿಂತ ಜಾಸ್ತಿ ಆಗುತ್ತೆ" ಎಂದಳು. ದೂರುವ ದನಿಯಲ್ಲ, ಅಳತೆ ಹೇಳುವ ದನಿ.

ಮೇಸ್ತ್ರಿ ಹಿಂದಿನಿಂದ ಬಗ್ಗಿ ನೋಡಿದರು. "ಇದೆಲ್ಲ ಆಗೋದು ಯಾವಾಗ ಸಾರ್?"

"ಹತ್ತು ವರ್ಷ ಬೇಕಾಗಬಹುದು. ಖಚಿತವಾಗಿ ಹೇಳೋಕಾಗಲ್ಲ."

"ಆಗ್ಲಿ, ಒಳ್ಳೇದೇ. ಮುಂದೆ ಇವಳು ಅಲ್ಲಿಗೆ ಹೋದ್ರೆ ಹತ್ತಲಿ. ಈಗ ನಮಗೆ ಇನ್ನು ಒಂದೂವರೆ ವರ್ಷ ಈ ಬಸ್ಸಿದ್ರೆ ಸಾಕು."

ಮೂಡಿಗೆರೆಯಲ್ಲಿ ಇಳಿದು ಬಸ್ ಸಂಸ್ಥೆಯ ಸಂಚಾರ ಅಧಿಕಾರಿಯನ್ನು ಹುಡುಕಿಕೊಂಡು ಹೋದೆ. ಸಮೀಕ್ಷೆಗೆ ಹೋಗಿದ್ದವರು ಅವರೇ. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

"ನಾನು ಸುಳ್ಳು ಬರೆದಿಲ್ಲ. ಬಸ್ಸು ಖಾಲಿ ಇತ್ತು, ಖಾಲಿ ಅಂತ ಬರೆದೆ."

"ಹೂವು ಕಟ್ಟಿದ್ದು ನೋಡಿ ಏನೂ ಅನ್ನಿಸ್ಲಿಲ್ವಾ?"

"ಒಳ್ಳೇ ಜನ ಅನ್ನಿಸ್ತು. ಬಾಳೆಹಣ್ಣೂ ಕೊಟ್ರು."

"ಜನ ಯಾಕಿಲ್ಲ ಅಂತ ಕೇಳಬಹುದಿತ್ತಲ್ಲ?"

ಅವರು ನನ್ನ ಮುಖ ನೋಡಿದರು. "ನೀವು ಕೇಳಿದ್ರಾ?"

ನಾನೂ ಕೇಳಿರಲಿಲ್ಲ. ಟಿಪ್ಪಣಿ ಬಂದಿತ್ತು, ಜಾಗವಿತ್ತು, ಹಾಕಿದ್ದೆ. ಅದನ್ನು ಅವರ ಎದುರೇ ಒಪ್ಪಿಕೊಂಡೆ. ಮಾತು ಆಮೇಲೆ ಸಲೀಸಾಯಿತು. ಆದೇಶ ಇನ್ನೂ ಹೊರಬಿದ್ದಿರಲಿಲ್ಲ. ತಿಂಗಳ ಕೊನೆಯೊಳಗೆ ಇನ್ನೊಮ್ಮೆ ಎಣಿಸಬಹುದು, ಆದರೆ ಯಾರಿಗೂ ಹೇಳದೆ ಹೋಗಬೇಕು ಎಂದರು. ದಿನವನ್ನು ನನಗೆ ಮಾತ್ರ ಹೇಳಿ, ಊರಿಗೆ ತಿಳಿಸಬಾರದೆಂದು ಮಾತು ತೆಗೆದುಕೊಂಡರು. ಅಂದು ಸಂಜೆ ಹಿಂದಿನ ಸುದ್ದಿಗೆ ನಾಲ್ಕು ಸಾಲಿನ ತಿದ್ದುಪಡಿ ಕಳಿಸಿದೆ. ಸುದ್ದಿಗಿಂತ ಒಂದು ಸಾಲು ಹೆಚ್ಚಾಯಿತೆಂದು ಡೆಸ್ಕಿನವರು ಗೊಣಗಿದರು, ಆದರೂ ಹಾಕಿದರು.

ಎರಡು ದಿನ ಬಿಟ್ಟು ಮೇಸ್ತ್ರಿ ಎಸ್ಟೇಟಿನ ಫೋನಿನಿಂದ ಮಾತಾಡಿದರು.

"ಮತ್ತೆ ಬರ್ತಾರಂತೆ ಅಂತ ಸುದ್ದಿ ಇದೆ. ಯಾವತ್ತು ಸಾರ್?"

"ಹೇಳೋಕಾಗಲ್ಲ."

"ಗೊತ್ತಿಲ್ವಾ, ಹೇಳಲ್ವಾ?"

"ಹೇಳಲ್ಲ."

"ಹೇಳ್ಬೇಡಿ ಬಿಡಿ. ಹೇಳಿದ್ರೆ ನಮ್ಮೋರು ಮತ್ತೆ ಹೂವು ಕಟ್ತಾರೆ."

ಆ ದಿನ ನಾನೂ ಬಾಳೂರಿನಲ್ಲಿದ್ದೆ, ಕೊನೆಯ ಸೀಟಿನ ಮೂಲೆಯಲ್ಲಿ. ಕಾಫಿ ಹಣ್ಣಿನ ಕೊಯ್ಲು ಶುರುವಾದ ಕಾಲ. ತೋಟದ ಕೆಲಸ ಬಿಟ್ಟು ಹೆಚ್ಚು ಜನ ಊರು ದಾಟದ ದಿನಗಳವು. ಜನ ಕಡಿಮೆಯಾದರೆ ಏನು ಗತಿ ಎಂಬ ಚಿಂತೆ ನನಗಿತ್ತು. ಆರು ಗಂಟೆಗೆ ಬಸ್ಸು ಅರ್ಧ ತುಂಬಿತ್ತು. ಆರೂಕಾಲಿಗೆ ಪೂರ್ತಿ, ನಡುವಿನ ಸೀಟಿನಲ್ಲಿ ಮೇಸ್ತ್ರಿಯೂ ಮಗಳೂ. ಬಾಗಿಲು ಹಾಕುವ ಹೊತ್ತಿಗೆ ಒಂದು ಜೀಪು ಬಂದು ನಿಂತಿತು. ಅಧಿಕಾರಿ ಮತ್ತು ಬರೆಯುವ ಹಲಗೆ ಹಿಡಿದ ಗುಮಾಸ್ತರೊಬ್ಬರು ಇಳಿದು ಬಸ್ಸು ಹತ್ತಿದರು.

ಬಸ್ಸು ಅವರನ್ನು ಗುರುತಿಸಿತು. ಮುಂದಿನ ಮೂರು ಸೀಟುಗಳಲ್ಲಿದ್ದವರು ಒಟ್ಟಿಗೇ ಏಳಲು ಹೊರಟರು. ಮುದುಕರೊಬ್ಬರು ಆಗಲೇ ಟವೆಲಿನಿಂದ ಸೀಟು ಒರೆಸತೊಡಗಿದ್ದರು. ಇಳಿದು ನಡೆದೇ ಬರುತ್ತೇವೆ ಎನ್ನುವ ಮುಖ ಕೆಲವರದು.

"ಯಾರೂ ಏಳ್ಬೇಡಿ" ಎಂದರು ಮೇಸ್ತ್ರಿ ನಡುವಿನಿಂದ. ದನಿ ಏರಿಸಲಿಲ್ಲ, ಆಳುಗಳಿಗೆ ಕಾಫಿ ಗಿಡದ ಸಾಲು ಹಂಚುವ ದನಿಯಷ್ಟೇ. "ಕೂತ್ಕಳಿ. ಹಂಗೇ ಕೂತಿರಿ."

ಕೂತರು. ಅಧಿಕಾರಿ ಮೇಲಿನ ಕಂಬಿ ಹಿಡಿದು ನಿಂತರು. ಗುಮಾಸ್ತರು ಪ್ರತಿ ನಿಲ್ದಾಣದಲ್ಲೂ ಗುರುತು ಹಾಕಿಕೊಂಡರು. ತಿರುವುಗಳಲ್ಲಿ ಅಧಿಕಾರಿ ವಾಲಿದಾಗಲೆಲ್ಲ ಸೀಟಿನಲ್ಲಿದ್ದವರು ತಲೆ ತಗ್ಗಿಸಿದರು. ದೊಡ್ಡ ಮನುಷ್ಯರೊಬ್ಬರನ್ನು ನಿಲ್ಲಿಸಿ ತಾವು ಕೂರುವುದು ಅವರಿಗೆ ಮೂಟೆ ಹೊರುವುದಕ್ಕಿಂತ ಕಷ್ಟವಾಗಿತ್ತು. ಕೊಟ್ಟಿಗೆಹಾರ ದಾಟಿದ ಮೇಲೆ ಸೊಪ್ಪಿನ ಹೆಂಗಸಿಗೆ ತಡೆಯಲಾಗಲಿಲ್ಲ.

"ಸಾರ್, ಸೀಟಂತೂ ಕೊಡೋ ಹಂಗಿಲ್ಲ. ಆ ಚೀಲನಾದ್ರೂ ಕೊಡಿ, ತೊಡೆ ಮೇಲೆ ಇಟ್ಕತೀನಿ."

ಅಧಿಕಾರಿ ಚೀಲ ಕೊಟ್ಟರು. ಅವಳು ಇಳಿಯುವ ಬಣಕಲ್ ಬರುವವರೆಗೆ ಅದು ಬಸಳೆ ಸೊಪ್ಪಿನ ಪಕ್ಕದಲ್ಲಿತ್ತು.

ತಿಂಗಳ ಕೊನೆಗೆ ಬಸ್ಸು ನಿಲ್ಲಲಿಲ್ಲ. ಮೂಡಿಗೆರೆಯ ವೇಳಾಪಟ್ಟಿಯ ಫಲಕದಲ್ಲಿ ಅದರ ಮುಂದಿದ್ದ "ತಾತ್ಕಾಲಿಕ" ಎಂಬ ಮಾತಿನ ಮೇಲೆ ಯಾರೋ ಬಣ್ಣ ಬಳಿದರು. ನನ್ನ ಪಟ್ಟಿಗೆ ಐದನೆಯ ಸಾಲಾಗಿ ಬಾಳೂರನ್ನು ಸೇರಿಸಿದ್ದೆ. "ಯಾವಾಗ" ಎಂಬಲ್ಲಿ ಬೆಳಿಗ್ಗೆ ಆರೂ ಇಪ್ಪತ್ತು ಎಂದು ಪೆನ್ನಿನಲ್ಲೇ ಬರೆದಿದ್ದೆ. ಬಾಳೂರು ನಗರವಲ್ಲವೆಂದು ಡೆಸ್ಕಿನವರು ಆ ಸಾಲು ತೆಗೆದರು. ಅವರು ಹೇಳಿದ್ದು ಸರಿ. ಪೆನ್ಸಿಲಿನ ನಾಲ್ಕೂ ಸಾಲುಗಳು ಆಮೇಲೆ ಒಂದೊಂದಾಗಿ, ತಡವಾಗಿಯಾದರೂ, ನಿಜವಾದವು. ಕಡೂರಿನ ರೈಲೂ ಬಂತು.

ಬಸ್ಸು ಉಳಿದ ಮರುವರ್ಷ, ಜೂನ್ ತಿಂಗಳ ಒಂದು ಬೆಳಿಗ್ಗೆ ಮೇಸ್ತ್ರಿ ಮತ್ತೆ ಫೋನ್ ಮಾಡಿದರು. ಮಗಳು ಎರಡನೇ ಪಿಯುಸಿಗೆ ಹೋಗತೊಡಗಿದ್ದಳು.

"ಬಸ್ಸು ಇದೆ ಸಾರ್. ಆದ್ರೆ ಈಗ ಸಂಸೆ, ಕಳಸದ ಕಡೆಯೋರೂ ಜೀಪಲ್ಲಿ ಬಂದು ಇದನ್ನೇ ಹಿಡೀತಾರೆ. ನಮ್ಮ ಹುಡುಗಿ ಮೂಡಿಗೆರೆ ತನಕ ನಿಂತ್ಕಂಡೇ ಓದ್ಕಂಡು ಹೋಗ್ತಾಳೆ."

"ಬರೀಲಾ?" ಎಂದು ಕೇಳಿದೆ.

"ಬೇಡ, ಬರೀಬೇಡಿ. ಬರೆದ್ರೆ ಅವರು ಮತ್ತೆ ನೋಡಕ್ಕೆ ಬರ್ತಾರೆ. ಇನ್ನೊಂದ್ಸಲ ಅವರನ್ನ ನಿಲ್ಲಿಸೋ ಧೈರ್ಯ ನಮಗಿಲ್ಲ."